ಸಿವಿಲ್ ಜಡ್ಜ್ ಆಗೋದು ಹೇಗೆ: ವಕೀಲಿಕೆ ಸನದು ತಗೊಂಡ ದಿನದಿಂದ ಜಿಲ್ಲಾ ನ್ಯಾಯಾಧೀಶರ ಕುರ್ಚಿವರೆಗೆ, ಹಂತ ಹಂತವಾಗಿ

ಪ್ರತಿ ಸಲ ರಿಸಲ್ಟ್ ಬಂದಾಗ್ಲೂ ಅದೇ ಕಥೆ. ಪ್ರಿಲಿಮ್ಸ್ ಆರಾಮಾಗಿ ದಾಟಿರ್ತಾರೆ, ಮೇನ್ಸಲ್ಲಿ ಯಾವ್ದೋ ಒಂದು ಪೇಪರ್ ಕೈ ಕೊಟ್ಟಿರತ್ತೆ, ಮತ್ತೆ ಬಂದು "ಸಾರ್, ಯಾವ ಬುಕ್ ಓದ್ಲಿ" ಅಂತ ಕೇಳ್ತಾರೆ. ಬುಕ್ಕಿನ ಸಮಸ್ಯೆ ಅಲ್ಲಪ್ಪ ಅದು. ಎಲ್‌ಎಲ್‌ಬಿ ಪರೀಕ್ಷೆ ಬರ್ದ ಹಾಗೇ ಇದನ್ನೂ ಬರೀತೀರಿ, ಅದೇ ತಪ್ಪು. ಇಲ್ಲಿ ನಿಮಗೆ ಕಾನೂನು ಗೊತ್ತಾ ಅಂತ ಕೇಳೋದು ಕಡಿಮೆ, ನಾಳೆ ಬೆಳಿಗ್ಗೆ 11 ಗಂಟೆಗೆ ಡಯಾಸ್ ಮೇಲೆ ಕೂರ್ಸಿದ್ರೆ ಇಶ್ಯೂ (ಕೋರ್ಟ್ ತೀರ್ಮಾನಿಸ್ಬೇಕಾದ ವಿವಾದದ ಅಂಶ) ಫ್ರೇಮ್ ಮಾಡೋಕೆ, ಡಿಪೊಸಿಶನ್ (ಸಾಕ್ಷಿ ಹೇಳಿಕೆ) ಓದಿ ಅರ್ಥ ಮಾಡ್ಕೊಳ್ಳೋಕೆ, ತೀರ್ಪು ಬರೆಯೋಕೆ ಬರತ್ತಾ ಅಂತ ಕೇಳೋದು. ನಾನೂ ಒಂದ್ಸಲ ಟ್ರಾನ್ಸ್‌ಲೇಶನ್ ಪೇಪರಲ್ಲಿ ಬಿದ್ದವನೇ, ಕನ್ನಡ ಮೀಡಿಯಂ ಹುಡುಗ ನಂಗ್ಯಾಕೆ ಕನ್ನಡದ ಪ್ರಾಕ್ಟೀಸು ಅನ್ನೋ ಕೊಬ್ಬಿತ್ತು.

ಇದು ಕರ್ನಾಟಕದ ದಾರಿ. ಬೇರೆ ರಾಜ್ಯಗಳಲ್ಲಿ ಪೇಪರ್ ಲೆಕ್ಕ ಬೇರೆ.

ಶುರು ಮಾಡೋಕೆ ಮುಂಚೆ ಮೇಜಿನ ಮೇಲೆ ಇರ್ಬೇಕಾದ್ದು

ಬೇರ್ ಆಕ್ಟ್‌ಗಳು, ಅಂದ್ರೆ ಕಾಯ್ದೆಯ ಮೂಲ ಪಠ್ಯ ಮಾತ್ರ ಇರೋ ಪುಸ್ತಕಗಳು, ಅದೂ ಹಳೇದು ಹೊಸದು ಎರಡೂ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿ (ಕ್ರಿಮಿನಲ್ ಪ್ರೊಸೀಜರ್ ಕೋಡ್) ಜಾಗಕ್ಕೆ ನಾಗರಿಕ ಸುರಕ್ಷಾ ಸಂಹಿತೆ, ಎವಿಡೆನ್ಸ್ ಆಕ್ಟ್ ಜಾಗಕ್ಕೆ ಸಾಕ್ಷ್ಯ ಅಧಿನಿಯಮ ಬಂದಿದೆ ಅಂತ ಹಳೇ ಪುಸ್ತಕಾನ ರದ್ದಿಗೆ ಹಾಕ್ಬೇಡಿ, ಯಾಕೆ ಅಂತ ಹಂತ 7ರಲ್ಲಿ ಹೇಳ್ತೀನಿ. ಆಮೇಲೆ ಹೈಕೋರ್ಟ್ ಹಾಕಿರೋ ಹಳೇ ಪ್ರಶ್ನೆಪತ್ರಿಕೆಗಳು, ಒಂದು ಕಟ್ಟು ಗೆರೆ ಹಾಳೆ, ಒಂದು ಗಡಿಯಾರ. ಮತ್ತೆ ನಿಮ್ಮ ಊರಿನ ಕೋರ್ಟಿನದೇ ಒಂದು 15-20 ತೀರ್ಪು, ಇ-ಕೋರ್ಟ್ಸಲ್ಲಿ ಪುಕ್ಕಟೆ ಸಿಗತ್ತೆ. ಸುಪ್ರೀಂ ಕೋರ್ಟಿನ ನೂರು ಪುಟದ ಜಡ್ಜ್‌ಮೆಂಟ್ ಓದಿ ಇಲ್ಲಿ ಉಪಯೋಗ ಇಲ್ಲ, ನೀವು ಬರೀಬೇಕಾಗಿರೋದು ತಾಲ್ಲೂಕು ಕೋರ್ಟಿನ ತೀರ್ಪು.

ಹಂತ 1: ಸನದು ಮತ್ತು 3 ವರ್ಷದ ಲೆಕ್ಕ

2025ರ ಮೇ 20ರಂದು ಸುಪ್ರೀಂ ಕೋರ್ಟು ಆಲ್ ಇಂಡಿಯಾ ಜಡ್ಜಸ್ ಅಸೋಸಿಯೇಷನ್ ಕೇಸಲ್ಲಿ, ಸಿವಿಲ್ ಜಡ್ಜ್ ಹುದ್ದೆಗೆ ಕನಿಷ್ಠ 3 ವರ್ಷ ವಕೀಲಿಕೆ ಇರ್ಲೇಬೇಕು ಅಂತ ಹೇಳ್ತು. ಆ ದಿನಕ್ಕೆ ಮುಂಚೆ ನೋಟಿಫಿಕೇಶನ್ ಆಗಿದ್ದ ನೇಮಕಾತಿಗಳಿಗೆ ಇದು ಅನ್ವಯ ಆಗಲ್ಲ. ಈ 3 ವರ್ಷ ಯಾವಾಗಿಂದ ಅಂತ ತುಂಬಾ ಜನಕ್ಕೆ ಗೊಂದಲ: ಎಐಬಿಇ (ಬಾರ್ ಕೌನ್ಸಿಲ್ ನಡೆಸೋ ವಕೀಲರ ಅರ್ಹತಾ ಪರೀಕ್ಷೆ) ಪಾಸಾದ ದಿನದಿಂದ ಅಲ್ಲ, ಬಾರ್ ಕೌನ್ಸಿಲಲ್ಲಿ ಪ್ರೊವಿಶನಲ್ ಆಗಿ ಹೆಸರು ನೋಂದಾಯಿಸಿದ ದಿನದಿಂದ. ಹಾಗಂತ ಎಐಬಿಇ ಬಿಟ್ಟು ಕೂತ್ಕೋಬೇಡಿ. ಲಾ ಕ್ಲರ್ಕ್ ಆಗಿ ಜಡ್ಜ್ ಹತ್ರ ಕೆಲಸ ಮಾಡಿದ್ರೆ ಅದೂ ಲೆಕ್ಕಕ್ಕೆ ಬರತ್ತೆ.

ಪ್ರಾಕ್ಟೀಸ್ ಮಾಡಿದೀನಿ ಅಂತ ಬಾಯಲ್ಲಿ ಹೇಳಿದ್ರೆ ಆಗಲ್ಲ. ಕನಿಷ್ಠ 10 ವರ್ಷ ಸೀನಿಯಾರಿಟಿ ಇರೋ ವಕೀಲರ ಸರ್ಟಿಫಿಕೇಟ್ ಬೇಕು, ಅದಕ್ಕೆ ಆ ಜಿಲ್ಲೆಯ ಅಥವಾ ಆ ಊರಿನ ಪ್ರಧಾನ ನ್ಯಾಯಾಧೀಶರ ದೃಢೀಕರಣ ಬೇಕು. ಇಲ್ಲೇ ಎಡವೋದು. ಮೂರು ವರ್ಷ ಕೋಚಿಂಗ್ ಸೆಂಟರಲ್ಲಿ ಕೂತು ಕೊನೇ ತಿಂಗಳು ಯಾರೋ ಪರಿಚಯದ ಸೀನಿಯರ್ ಹತ್ರ ಸಹಿ ಹಾಕಿಸ್ಕೊಂಡು ಬಂದ್ರೆ, ಆ ಕೋರ್ಟ್ ಹಾಲಲ್ಲಿ ನಿಮ್ಮ ಮುಖಾನೇ ನೋಡದ ಜಡ್ಜ್ ಯಾಕೆ ದೃಢೀಕರಿಸ್ತಾರೆ ಹೇಳಿ. ಮೊದಲ ದಿನದಿಂದ ಒಂದು ಡೈರಿ ಇಡಿ: ತಾರೀಕು, ಕೇಸ್ ನಂಬರ್, ಯಾವ ಕೋರ್ಟು, ಏನು ಮಾಡಿದ್ರಿ. ವಕಾಲತ್ತಿನಲ್ಲಿ ಸೀನಿಯರ್ ಹೆಸರಿನ ಕೆಳಗೆ ನಿಮ್ಮ ಹೆಸರೂ ಹಾಕಿಸ್ಕೊಳ್ಳಿ.

ಎಚ್ಚರಿಕೆ: ಸೇರಿ ಆರು ತಿಂಗಳಾದ್ರೂ ನಿಮ್ಮ ಕೆಲಸ ಬರೀ ಝೆರಾಕ್ಸ್ ಮಾಡಿಸೋದು, ಡೇಟ್ ತಗೊಂಡು ಬರೋದು ಅಷ್ಟೇ ಆಗಿದ್ರೆ ಆಫೀಸ್ ಬದಲಾಯಿಸೋ ಯೋಚನೆ ಮಾಡಿ.

ಹಂತ 2: ಕೋರ್ಟಲ್ಲಿ ಕೂತು ಏನು ನೋಡ್ಬೇಕು

ಹೆಚ್ಚಿನವರು ಈ ಮೂರು ವರ್ಷಾನ ಶಿಕ್ಷೆ ಅನ್ಕೊಂಡು ಕಳೀತಾರೆ. ಸರಿಯಾಗಿ ಬಳಸಿದ್ರೆ ಮೇನ್ಸಿನ ಮುಕ್ಕಾಲು ಪಾಲು ಇಲ್ಲೇ ಮುಗಿಯತ್ತೆ.

ಮೊದಲ ವರ್ಷ ಟ್ರಯಲ್ ಸೈಡ್ ಬಿಡ್ಬೇಡಿ, ಪಾಟೀ ಸವಾಲು (ಎದುರು ವಕೀಲರು ಸಾಕ್ಷೀನ ಪ್ರಶ್ನೆ ಮಾಡೋದು) ನಡೆಯೋವಾಗ ಕೂತು ಕೇಳಿ, ಸಾಕ್ಷಿ ಹೇಳಿದ್ದನ್ನ ಜಡ್ಜ್ ಹೇಗೆ ಡಿಕ್ಟೇಟ್ ಮಾಡಿಸ್ತಾರೆ ಅಂತ ನೋಡಿ. ಎರಡನೇ ವರ್ಷ ಆಫೀಸಿನ ಹಳೇ ಫೈಲ್ ತೆಗೆದು ವಾದಪತ್ರ, ರಿಟನ್ ಸ್ಟೇಟ್‌ಮೆಂಟ್ ಮಾತ್ರ ಓದಿ ನೀವೇ ಇಶ್ಯೂ ಬರೀರಿ, ಆಮೇಲೆ ಕೋರ್ಟ್ ಏನು ಫ್ರೇಮ್ ಮಾಡಿತ್ತು ಅಂತ ಆರ್ಡರ್ ಶೀಟ್ ತಿರುವಿ ಹೋಲಿಸಿ. ವಾರಕ್ಕೆ ಎರಡು ಫೈಲ್ ಸಾಕು. ಮೂರನೇ ವರ್ಷ ಪೂರ್ತಿ ತೀರ್ಪು ಬರೆಯೋದು. ಈ ಕ್ರಮ ಉಲ್ಟಾ ಮಾಡಿದ್ರೆ, ಅಂದ್ರೆ ಇಶ್ಯೂ ಬರೆಯೋಕೆ ಬರದೆ ತೀರ್ಪು ಬರೆಯೋಕೆ ಹೋದ್ರೆ, ಅಡಿಪಾಯ ಇಲ್ದೆ ಗೋಡೆ ಎಬ್ಬಿಸಿದ ಹಾಗೆ.

ಹಂತ 3: ನೋಟಿಫಿಕೇಶನ್ ಬಂದಾಗ

ನೇಮಕಾತಿ ನಡೆಸೋದು ಹೈಕೋರ್ಟೇ, ಅಪ್ಲಿಕೇಶನ್ ಹೈಕೋರ್ಟ್ ವೆಬ್‌ಸೈಟಲ್ಲೇ. ಜನರಲ್ ಅಭ್ಯರ್ಥಿಗಳಿಗೆ ವಯಸ್ಸಿನ ಮಿತಿ 35, ಮೀಸಲಾತಿ ಇರೋರಿಗೆ ಸಡಿಲಿಕೆ ಇದೆ. ನೋಟಿಫಿಕೇಶನ್ನನ್ನ ಪೂರ್ತಿ ಎರಡು ಸಲ ಓದಿ, ವಾಟ್ಸಾಪಲ್ಲಿ ಬರೋ ಸಾರಾಂಶ ನಂಬ್ಬೇಡಿ.

ಇಲ್ಲಿ ಆಗೋ ತಪ್ಪೆಲ್ಲ ಸಣ್ಣವು, ಹೊಡ್ತ ಮಾತ್ರ ದೊಡ್ಡದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟೀಲಿ ಇನಿಶಿಯಲ್ ಮುಂದೆ, ಸನದಲ್ಲಿ ಅಪ್ಪನ ಪೂರ್ತಿ ಹೆಸರು ಹಿಂದೆ, ಆಧಾರಲ್ಲಿ ಇನ್ನೊಂದು ಥರ. ಇದನ್ನ ನೋಟಿಫಿಕೇಶನ್ ಬರೋ ಮುಂಚೇನೇ ಸರಿ ಮಾಡ್ಸಿ. ಯಾವ ಮೀಸಲಾತಿ ಕ್ಲೇಮ್ ಮಾಡ್ತೀರೋ ಅದರ ಸರ್ಟಿಫಿಕೇಟು ಅವರು ಹೇಳಿದ ನಮೂನೇಲೇ, ಕೊನೇ ದಿನಾಂಕದೊಳಗೇ ಇರ್ಬೇಕು. ನಾಡಕಚೇರಿ ಸರ್ವರ್ ಯಾವತ್ತು ಕೈ ಕೊಡತ್ತೆ ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ. ನಿಮ್ಮ ಮೇಲೆ ಎಫ್‌ಐಆರ್ ಏನಾದ್ರೂ ಇದ್ರೆ, ಅದು ಕಾಲೇಜ್ ಗಲಾಟೇದಾಗಿದ್ರೂ, ಖುಲಾಸೆ ಆಗಿದ್ರೂ, ಕೇಳಿರೋ ಕಾಲಮಲ್ಲಿ ಬರೀರಿ. ಎಷ್ಟೋ ಸಲ ಕೇಸಿಗಿಂತ ಅದನ್ನ ಮುಚ್ಚಿಟ್ಟಿದ್ದೇ ಪೊಲೀಸ್ ವೆರಿಫಿಕೇಶನಲ್ಲಿ ದೊಡ್ಡದಾಗತ್ತೆ.

ಹಂತ 4: ಪ್ರಿಲಿಮ್ಸ್

100 ಅಂಕ, ಆಬ್ಜೆಕ್ಟಿವ್. ಜನರಲ್‌ಗೆ ಕನಿಷ್ಠ 60, ಎಸ್‌ಸಿ, ಎಸ್‌ಟಿ, ಪ್ರವರ್ಗ-1ಕ್ಕೆ 50. ಅಷ್ಟು ಬಂತು ಅಂತ ಕುಣೀಬೇಡಿ, ಮೇನ್ಸಿಗೆ ಕರೆಯೋದು ಹುದ್ದೆಯ ಹತ್ತು ಪಟ್ಟು ಜನಾನ, ಹಾಗಾಗಿ ಕಟ್ ಆಫ್ ಮೇಲೆ ಹೋಗತ್ತೆ. ಸಿಪಿಸಿ (ಸಿವಿಲ್ ಪ್ರೊಸೀಜರ್ ಕೋಡ್), ಕ್ರಿಮಿನಲ್ ಕಾನೂನುಗಳು, ಸಾಕ್ಷ್ಯ, ಸಂವಿಧಾನ, ಕಾಂಟ್ರ್ಯಾಕ್ಟ್, ಟಿಪಿ (ಆಸ್ತಿ ವರ್ಗಾವಣೆ) ಆಕ್ಟ್, ಸ್ಪೆಸಿಫಿಕ್ ರಿಲೀಫ್, ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್, ಕರ್ನಾಟಕ ರೆಂಟ್ ಆಕ್ಟ್, ಇವೇ ಸುತ್ತಿ ಸುತ್ತಿ ಬರತ್ತೆ. ಬೇರ್ ಆಕ್ಟ್ ಓದಿ, ಅದ್ರಲ್ಲೂ ವಿವರಣೆ, ಎಕ್ಸೆಪ್ಶನ್, ಪ್ರೊವೈಸೋ ಬಿಡ್ಬೇಡಿ, ಪ್ರಶ್ನೆ ಹುಟ್ಟೋದೇ ಅಲ್ಲಿ. ಈ ಅಂಕ ಫೈನಲ್ ಲೆಕ್ಕಕ್ಕೆ ಸೇರಲ್ಲ, ಇದಕ್ಕೇ ವರ್ಷಗಟ್ಟಲೆ ಸುರಿಯೋದು ದಂಡ.

ಹಂತ 5: ಟ್ರಾನ್ಸ್‌ಲೇಶನ್ ಪೇಪರ್, ಎಲ್ರೂ ಸದರ ಮಾಡೋದು

100 ಅಂಕ. ಇಂಗ್ಲಿಷಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ. ಕೊಡೋದು ಕಥೆ ಕವನ ಅಲ್ಲ: ಸಾಕ್ಷಿ ಹೇಳಿಕೆ, ತೀರ್ಪಿನ ಭಾಗ, ದಸ್ತಾವೇಜು.

ಒಂದು ಸಾಲು ತಗೊಳ್ಳಿ. ಪಾಟೀ ಸವಾಲಲ್ಲಿ ಹೀಗಿರತ್ತೆ: "ದಾವಾ ಸ್ವತ್ತು ಪ್ರತಿವಾದಿಯ ಸ್ವಾಧೀನದಲ್ಲಿದೆ ಎಂದರೆ ಸರಿಯಲ್ಲ." ತುಂಬಾ ಜನ ಇದನ್ನ ಸ್ವತ್ತು ಪ್ರತಿವಾದಿ ಸ್ವಾಧೀನದಲ್ಲಿಲ್ಲ ಅಂತ ಸಾಕ್ಷಿ ತಾನಾಗೇ ಹೇಳಿದ ಹಾಗೆ ಇಂಗ್ಲಿಷಲ್ಲಿ ಬರೀತಾರೆ. ಅಲ್ಲ. ಎದುರು ವಕೀಲರು ಒಂದು ಸೂಚನೆ ಇಟ್ರು, ಸಾಕ್ಷಿ ಅದನ್ನ ನಿರಾಕರಿಸಿದ, ಅಷ್ಟೇ ಆ ಸಾಲಿನ ಅರ್ಥ. ಸೂಚನೆ ಮತ್ತು ನಿರಾಕರಣೆ ಎರಡೂ ಅನುವಾದದಲ್ಲಿ ಕಾಣ್ಬೇಕು. ಹಾಗೇನೇ "ಎಂದರೆ ನನಗೆ ಗೊತ್ತಿಲ್ಲ" ಬೇರೆ, "ಎಂದರೆ ಸರಿ" ಬೇರೆ. ಈ ಮೂರನ್ನ ಕಲಸಿದ್ರೆ ಇಡೀ ಪ್ಯಾರಾದ ಅರ್ಥಾನೇ ತಿರುಗಾಮುರುಗಾ.

ದಸ್ತಾವೇಜಿನ ಪದಗಳಿಗೆ ಒಂದು ನೋಟ್‌ಬುಕ್ ಇಡಿ. ಚಕ್ಕುಬಂದಿ, ಪಾಲುಪಟ್ಟಿ, ಕ್ರಯಪತ್ರ, ಪ್ರತಿಫಲ, ಪಿತ್ರಾರ್ಜಿತ, ಸ್ವಯಾರ್ಜಿತ, ಸ್ವಾಧೀನಾನುಭವ, ಇಂಥವು. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಆದ ಒಂದು ಹಳೇ ಕ್ರಯಪತ್ರ ಸಾಕು, ಅರ್ಧ ನೋಟ್‌ಬುಕ್ ತುಂಬತ್ತೆ. ಸಾಲು ಬಿಟ್ಟು ಹಾರೋದು, ಗೊತ್ತಿಲ್ಲದ ಪದಕ್ಕೆ ಚುಕ್ಕಿ ಇಡೋದು, ತೀರ್ಪಿನ ಭಾಷೇನ ಸುಮ್ನೆ ಚಂದ ಮಾಡೋಕೆ ಹೋಗೋದು, ಈ ಮೂರೂ ಬೇಡ. ನನ್ನನ್ನ ಕೆಡವಿದ್ದು ಆ ಕೊನೇದೇ.

ದಿನಾ ಒಂದು ಪುಟ ಆಕಡೆ, ಒಂದು ಪುಟ ಈಕಡೆ, ಕೈಯಲ್ಲೇ ಬರೀಬೇಕು. ಟೈಪ್ ಮಾಡಿ ಅಭ್ಯಾಸ ಆದ ಕೈಗೆ ಮೂರು ಗಂಟೆ ಕನ್ನಡ ಬರೆಯೋದು ಏನು ಅಂತ ಪರೀಕ್ಷೆ ಹಾಲಲ್ಲಿ ಗೊತ್ತಾಗ್ಬಾರ್ದು.

ಹಂತ 6: ಲಾ ಪೇಪರ್ 1 ಮತ್ತು 2

ಲಾ ಪೇಪರ್ 1 ಪ್ರೊಸೀಜರ್, ಪ್ಲೀಡಿಂಗ್ಸ್, ಸಾಕ್ಷ್ಯ, ಸಂವಿಧಾನ. ಇದೊಂದೇ ಕಾಲೇಜ್ ಪರೀಕ್ಷೆ ಥರ ಇರೋದು, ಇದ್ರಲ್ಲಿ ಬೀಳೋರು ಕಡಿಮೆ, ಮುಂದೆ ಹೋಗೋಣ.

ಲಾ ಪೇಪರ್ 2 ಅಂದ್ರೆ ಸಿವಿಲ್ ಕೇಸಲ್ಲಿ ವಿವಾದಾಂಶ ರಚನೆ ಮತ್ತು ತೀರ್ಪು. ಒಂದು ಉದಾಹರಣೆ ಮಾಡೋಣ. ವಾದಿ ಹೇಳ್ತಾನೆ: ಪ್ರತಿವಾದಿಗೆ 3 ಲಕ್ಷ ಸಾಲ ಕೊಟ್ಟೆ, ಪ್ರಾಮಿಸರಿ ನೋಟ್ ಬರ್ಕೊಟ್ಟಿದ್ದಾನೆ, ವಾಪಸ್ ಕೊಟ್ಟಿಲ್ಲ. ಪ್ರತಿವಾದಿ ಹೇಳ್ತಾನೆ: ಸಾಲ ತಗೊಂಡಿದ್ದು ನಿಜ, ನೋಟ್ ಬರ್ಕೊಟ್ಟಿದ್ದೂ ನಿಜ, ಆದ್ರೆ ಇಬ್ಬರ ಮುಂದೆ ಪೂರ್ತಿ ತೀರಿಸಿದೀನಿ, ನಂಬಿಕೆ ಮೇಲೆ ನೋಟ್ ವಾಪಸ್ ಇಸ್ಕೊಳ್ಳಲಿಲ್ಲ.

ನೂರಕ್ಕೆ ಎಪ್ಪತ್ತು ಜನ ಮೊದಲನೇ ಇಶ್ಯೂ ಬರೆಯೋದು "ಪ್ರತಿವಾದಿ 3 ಲಕ್ಷ ಸಾಲ ಪಡೆದಿದ್ದಾನೆಂದು ವಾದಿ ರುಜುವಾತುಪಡಿಸುತ್ತಾರೆಯೇ?" ಅಂತ. ತಪ್ಪು! ಸಾಲ ಒಪ್ಪಿಕೊಂಡಾಗಿದೆಯಲ್ಲ. ಸಿಪಿಸಿ ಆದೇಶ 14 ನಿಯಮ 1 ಹೇಳೋದೇ ಅದು, ಒಬ್ಬ ಹೌದು ಅಂದು ಇನ್ನೊಬ್ಬ ಅಲ್ಲ ಅಂದಾಗ ಮಾತ್ರ ಇಶ್ಯೂ. ಇಲ್ಲಿ ಸರಿಯಾದ್ದು ಇವು: ಸಾಲ ಪೂರ್ತಿ ತೀರಿಸಿದ್ದಾಗಿ ಪ್ರತಿವಾದಿ ರುಜುವಾತುಪಡಿಸುತ್ತಾರೆಯೇ, ಕೇಳಿದ ಪರಿಹಾರಕ್ಕೆ ವಾದಿ ಅರ್ಹರೇ, ಯಾವ ಆದೇಶ ಅಥವಾ ಡಿಕ್ರಿ. ಭಾರ ಯಾರ ಮೇಲೆ ಅನ್ನೋದು ಇಶ್ಯೂ ವಾಕ್ಯದಲ್ಲೇ ಕಾಣ್ಬೇಕು. ಜೊತೆಗೆ ನೋಟಿನ ತಾರೀಕು, ದಾವೆ ಹಾಕಿದ ತಾರೀಕು ಎರಡನ್ನೂ ನೋಡಿ, ಮೂರು ವರ್ಷ ಮೀರಿದ್ರೆ ಪ್ರತಿವಾದಿ ಎತ್ತದೇ ಇದ್ರೂ ಕಾಲಮಿತಿ ಕಾಯ್ದೆಯ ಕಲಂ 3ರಲ್ಲಿ ಕೋರ್ಟೇ ನೋಡ್ಬೇಕು. ಪೇಪರ್ ಸೆಟ್ ಮಾಡೋರು ಬೇಕಂತಲೇ ಅಲ್ಲಿ ತಾರೀಕು ಇಟ್ಟಿರ್ತಾರೆ.

ತೀರ್ಪಿನ ಕ್ರಮ: ವಾದಿ ಕೇಸಿನ ಸಾರ, ಪ್ರತಿವಾದಿ ಕೇಸಿನ ಸಾರ, ವಿವಾದಾಂಶ, ಯಾರ ಸಾಕ್ಷಿ ಯಾವ ನಿಶಾನೆ (ಕೋರ್ಟ್ ಗುರುತು ಹಾಕಿದ ದಾಖಲೆ), ಪ್ರತಿ ವಿವಾದಾಂಶಕ್ಕೆ ಒಂದೊಂದು ಸಾಲಿನ ಉತ್ತರ, ಆಮೇಲೆ ಕಾರಣಗಳು, ಕೊನೆಗೆ ಆದೇಶ. ಸಮಯ ಹಂಚೋದು ಹೀಗೆ ಇರ್ಲಿ: ಒಟ್ಟು ಸಮಯದ ಅರ್ಧ ಕಾರಣಗಳಿಗೇ. ಎಲ್ರೂ ಸಾರ ಬರೆಯೋದ್ರಲ್ಲೇ ನಾಲ್ಕು ಪುಟ ಖರ್ಚು ಮಾಡಿ ಕಾರಣಕ್ಕೆ ಬಂದಾಗ ಬೆಲ್ ಹೊಡಿಯತ್ತೆ. "ಸಾಕ್ಷ್ಯಗಳನ್ನು ಪರಿಶೀಲಿಸಿದೆ, ವಾದಿಯ ಸಾಕ್ಷ್ಯ ನಂಬಲರ್ಹ" ಅಂತ ಒಂದು ಸಾಲು ಬರೆದ್ರೆ ಅದು ಕಾರಣ ಅಲ್ಲ, ಯಾಕೆ ನಂಬಿದ್ರಿ, ಪಾಟೀ ಸವಾಲಲ್ಲಿ ಏನು ಹೊರಬಂತು, ಇನ್ನೊಬ್ಬನ್ನ ಯಾಕೆ ನಂಬ್ಲಿಲ್ಲ, ಅದು ಬೇಕು. ಆದೇಶದಲ್ಲಿ ಖರ್ಚು ಮರೀಬೇಡಿ, ಹಣದ ಡಿಕ್ರಿ ಆದ್ರೆ ಸಿಪಿಸಿ ಕಲಂ 34ರ ಬಡ್ಡಿ ಮರೀಬೇಡಿ. ಮತ್ತೆ ಪ್ರಶ್ನೇಲಿ ಇಲ್ಲದ ಸಾಕ್ಷೀನ ನೀವೇ ಹುಟ್ಟಿಸ್ಬೇಡಿ. ನಿಮ್ಮ ಹೆಸರು, ಸಹಿ, ಊರು ಉತ್ತರಪತ್ರಿಕೇಲಿ ಎಲ್ಲೂ ಬೇಡ. ಕನ್ನಡದಲ್ಲಿ ಶುರು ಮಾಡಿದ್ರೆ ಕನ್ನಡದಲ್ಲೇ ಮುಗ್ಸಿ, ಮಧ್ಯ ಇಂಗ್ಲಿಷಿಗೆ ಹಾರ್ಬೇಡಿ.

ಹಂತ 7: ಲಾ ಪೇಪರ್ 3, ದೋಷಾರೋಪಣೆ ಮತ್ತು ಕ್ರಿಮಿನಲ್ ತೀರ್ಪು

ಪೆನ್ನು ಎತ್ತೋ ಮುಂಚೆ ಘಟನೆಯ ತಾರೀಕು ನೋಡಿ, ಅದ್ರ ಸುತ್ತ ಒಂದು ಗೆರೆ ಎಳೀರಿ. 2024ರ ಜುಲೈ 1ಕ್ಕಿಂತ ಮುಂಚೆ ನಡೆದಿದ್ರೆ ಅಪರಾಧ ಐಪಿಸಿಯಲ್ಲೇ, ಚಾರ್ಜ್ ಇವತ್ತು ಫ್ರೇಮ್ ಮಾಡಿದ್ರೂ ಅಷ್ಟೇ. ಆಮೇಲೆ ನಡೆದಿದ್ರೆ ನ್ಯಾಯ ಸಂಹಿತೆ. ಹಳೇ ಬೇರ್ ಆಕ್ಟ್ ಇಟ್ಕೊಳ್ಳಿ ಅಂದಿದ್ದು ಇದಕ್ಕೇ.

ರಾತ್ರಿ ಮನೆ ಬೀಗ ಮುರಿದು ಒಳಗೆ ನುಗ್ಗಿ ಬಂಗಾರ ಕದ್ದ ಕೇಸು ಅನ್ಕೊಳ್ಳಿ. ಹಳೇ ಲೆಕ್ಕದಲ್ಲಿ 457 ಮತ್ತು 380, ಹೊಸದ್ರಲ್ಲಿ 331(4) ಮತ್ತು 305. ಎರಡನ್ನೂ ಒಂದೇ ಪ್ಯಾರಾದಲ್ಲಿ ತುರುಕ್ಬೇಡಿ, ಒಂದೊಂದು ಅಪರಾಧಕ್ಕೆ ಒಂದೊಂದು ಆರೋಪ. ಪ್ರತಿ ಆರೋಪದಲ್ಲೂ ತಾರೀಕು, ಸಮಯ, ಜಾಗ, ಯಾರ ಮನೆ, ಏನು ವಸ್ತು, ಯಾವ ಕಲಂ ಇರ್ಬೇಕು, ಯಾಕಂದ್ರೆ ಕಟಕಟೇಲಿ ನಿಂತಿರೋ ಮನುಷ್ಯನಿಗೆ ತನ್ನ ಮೇಲೆ ಏನು ಆರೋಪ ಅಂತ ಕೇಳಿದ ತಕ್ಷಣ ಗೊತ್ತಾಗ್ಬೇಕು.

ತೀರ್ಪಲ್ಲಿ ಎರಡು ದೊಡ್ಡ ತಪ್ಪು. ಒಂದು, ಶಿಕ್ಷೆ. ಮನೆಗಳ್ಳತನಕ್ಕೆ ಕಾನೂನಲ್ಲಿ 7 ವರ್ಷದವರೆಗೆ ಇದೆ ಅಂತ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಲ್ಲಿ ಕೂತು 5 ವರ್ಷ ಕೊಟ್ಟುಬಿಡ್ತಾರೆ. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೊಡಬಹುದಾದ್ದು 3 ವರ್ಷ, ಹೊಸ ಸಂಹಿತೆಯಲ್ಲಿ 50,000 ರೂಪಾಯಿ ದಂಡ, ಇಲ್ಲಾ ಸಮುದಾಯ ಸೇವೆ. 7 ವರ್ಷದವರೆಗೆ ಕೊಡೋ ಅಧಿಕಾರ ಸಿಜೆಎಂಗೆ, ಅಂದ್ರೆ ಚೀಫ್ ಜುಡಿಶಿಯಲ್ ಮ್ಯಾಜಿಸ್ಟ್ರೇಟ್‌ಗೆ. ಎರಡು, ತಪ್ಪಿತಸ್ಥ ಅಂದ ತಕ್ಷಣ ಅದೇ ಉಸಿರಲ್ಲಿ ಶಿಕ್ಷೆ ಬರೆಯೋದು. ಮಧ್ಯ ಶಿಕ್ಷೆಯ ಪ್ರಮಾಣದ ಬಗ್ಗೆ ಆರೋಪಿಯನ್ನ ಕೇಳಿದ್ದು ಬರ್ಬೇಕು. ಕೊನೆಗೆ ಜೈಲಲ್ಲಿ ಕಳೆದ ದಿನಗಳ ಸೆಟ್ ಆಫ್ (ಶಿಕ್ಷೆಯಿಂದ ಅದನ್ನ ಕಳೆಯೋದು), ಮುದ್ದೆಮಾಲು (ಕೇಸಲ್ಲಿ ಜಪ್ತಿ ಆದ ವಸ್ತು) ಯಾರಿಗೆ ಹೋಗ್ಬೇಕು ಅನ್ನೋ ಆದೇಶ. ಬಂಗಾರ ಕಳ್ಕೊಂಡ ಹೆಂಗಸಿಗೆ ನಿಮ್ಮ ತೀರ್ಪಲ್ಲಿ ಬೇಕಾಗಿರೋ ಸಾಲು ಅದೊಂದೇ, ಅಭ್ಯರ್ಥಿಗಳು ಮರೆಯೋದೂ ಅದನ್ನೇ.

ಹಂತ 8: ವೈವಾ (ಸಂದರ್ಶನ)

ವೈವಾಕ್ಕೂ 100 ಅಂಕ, ಕೂತಿರೋರು ಹೈಕೋರ್ಟ್ ನ್ಯಾಯಮೂರ್ತಿಗಳು. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನಿ, ವಾದ ಮಾಡ್ಬೇಡಿ, ನೀವು ಪ್ರಾಕ್ಟೀಸ್ ಮಾಡಿದ ಕೇಸಿನ ಬಗ್ಗೆ ಕೇಳಿದ್ರೆ ಸೆಕ್ಷನ್ ಸಮೇತ ಹೇಳೋಕೆ ಬರ್ಬೇಕು. ಡೈರಿ ಇಟ್ಟಿದ್ರೆ ಹಿಂದಿನ ರಾತ್ರಿ ಅದನ್ನೇ ಓದಿ.

ಹಂತ 9: ತರಬೇತಿ, ಮೊದಲ ತಾಲ್ಲೂಕು

ಸೆಲೆಕ್ಟ್ ಆದ್ಮೇಲೆ ಸೀದಾ ಕುರ್ಚಿ ಅಲ್ಲ. ಬೆಂಗಳೂರಿನ ನ್ಯಾಯಾಂಗ ಅಕಾಡೆಮೀಲಿ ತರಬೇತಿ ಇರತ್ತೆ, ಅದೇ 2025ರ ತೀರ್ಪು ಕೋರ್ಟ್ ನಡೆಸೋ ಮುಂಚೆ ಕನಿಷ್ಠ ಒಂದು ವರ್ಷ ತರಬೇತಿ ಬೇಕು ಅಂತ ಹೇಳಿದೆ. ಎರಡನೇ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗದ ಪ್ರಕಾರ ಶುರುವಿನ ಮೂಲ ವೇತನ 77,840 ರೂಪಾಯಿ.

ಮೊದಲ ಪೋಸ್ಟಿಂಗಲ್ಲಿ ಸಾಮಾನ್ಯವಾಗಿ ಸಿವಿಲ್ ಜಡ್ಜೂ ನೀವೇ, ಜೆಎಂಎಫ್‌ಸಿನೂ ನೀವೇ. ಬೆಳಿಗ್ಗೆ ಪಾಲು ದಾವೆ, ಮಧ್ಯಾಹ್ನ ಚೆಕ್ ಬೌನ್ಸ್, ಸಂಜೆ ಮನೆಗೆ ಹೋಗೋ ಹೊತ್ತಿಗೆ ಪೊಲೀಸರು ರಿಮಾಂಡಿಗೆ ಆರೋಪೀನ ಕರ್ಕೊಂಡು ಬರ್ತಾರೆ. ಇಲ್ಲಿ ಹೊಸಬರು ಮುಗ್ಗರಿಸೋದು ಕಾನೂನಲ್ಲಲ್ಲ, ಆಫೀಸಲ್ಲಿ. ಶಿರಸ್ತೇದಾರರಿಗೆ ಎಲ್ಲಾ ಗೊತ್ತು ಅಂತ ಆರ್ಡರ್ ಶೀಟ್ ನೋಡ್ದೆ ಸಹಿ ಹಾಕೋದು, ಆರ್ಗ್ಯುಮೆಂಟ್ ಕೇಳಿ ತೀರ್ಪು ಬರೀದೆ ಗುಡ್ಡೆ ಹಾಕೋದು. ಗುಡ್ಡೆ ಐದಾದ್ರೆ ಹತ್ತಾಗತ್ತೆ. ಕೇಳಿದ ವಾರವೇ ಬರೀರಿ.

ಎಚ್ಚರಿಕೆ: ಊರಿನ ಗಣ್ಯರು ಮನೆಗೆ ಹಣ್ಣಿನ ಬುಟ್ಟಿ ತಂದ್ರೆ, ಯಾರದ್ದೋ ಮದುವೇಲಿ ಮುಂದಿನ ಸಾಲಲ್ಲಿ ಕೂರ್ಸಿದ್ರೆ, ಆರು ತಿಂಗಳು ಬಿಟ್ಟು ಅವರ ಕೇಸು ನಿಮ್ಮ ಕಾಸ್ ಲಿಸ್ಟಲ್ಲಿ ಇರತ್ತೆ. ಕೆಳಗಿನ ಕೋರ್ಟುಗಳ ನಿಯಂತ್ರಣ ಸಂವಿಧಾನದ 235ನೇ ವಿಧಿಯಡಿ ಹೈಕೋರ್ಟಿನದು, ಅನಾಮಧೇಯ ಅರ್ಜಿ ಬೀಳೋಕೆ ಒಂದು ಫೋಟೋ ಸಾಕು.

ಹಂತ 10: ಅಲ್ಲಿಂದ ಮೇಲಕ್ಕೆ

ಮುಂದಿನ ಮೆಟ್ಟಿಲು ಸೀನಿಯರ್ ಸಿವಿಲ್ ಜಡ್ಜ್, ಮೂಲ ವೇತನ 1,11,000ದಿಂದ. ಜಿಲ್ಲಾ ಕೇಂದ್ರದಲ್ಲಿ ಸಿಜೆಎಂ ಆಗ್ಬಹುದು, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿ ಆಗ್ಬಹುದು. ಸೀನಿಯಾರಿಟಿ ಕಾಯೋಕೆ ಇಷ್ಟ ಇಲ್ದೋರಿಗೆ ಇಲ್ಲೂ 10 ಪರ್ಸೆಂಟ್ ಹುದ್ದೇನ ಇಲಾಖಾ ಪರೀಕ್ಷೆ ಮೂಲಕ ತುಂಬ್ಬೇಕು ಅಂತ 2025ರ ತೀರ್ಪಲ್ಲಿದೆ, 3 ವರ್ಷ ಸರ್ವಿಸ್ ಆಗಿರ್ಬೇಕು.

ಜಿಲ್ಲಾ ನ್ಯಾಯಾಧೀಶರ ಹುದ್ದೆಗೆ ಮೂರು ಬಾಗಿಲು. ಬಡ್ತಿ 50 ಪರ್ಸೆಂಟ್, ಇಲಾಖಾ ಪರೀಕ್ಷೆ 25, ನೇರ ನೇಮಕಾತಿ 25. ಇಲಾಖಾ ಪರೀಕ್ಷೆ ಪಾಲು ಮೊದಲು ಬರೀ 10 ಇತ್ತು, ಅದಕ್ಕೀಗ ಸೀನಿಯರ್ ಸಿವಿಲ್ ಜಡ್ಜ್ ಆಗಿ 3 ವರ್ಷ, ಒಟ್ಟು 7 ವರ್ಷ ಸರ್ವಿಸ್ ಸಾಕು. ನೇರ ನೇಮಕಾತಿ ಬರೀ ವಕೀಲರಿಗೆ ಅನ್ನೋದು ಹಳೇ ಮಾತಾಯ್ತು: 2025ರ ಅಕ್ಟೋಬರ್ 9ರಂದು ಸಂವಿಧಾನ ಪೀಠ, ವಕೀಲಿಕೆ ಮತ್ತು ನ್ಯಾಯಾಂಗ ಸೇವೆ ಕೂಡಿ 7 ವರ್ಷ ಆಗಿದ್ರೆ ಸೇವೆಯಲ್ಲಿರೋರೂ ಬರೀಬಹುದು, ಕನಿಷ್ಠ ವಯಸ್ಸು 35 ಅಂತ ಹೇಳ್ತು. ಹಾಗಾಗಿ ಸಿವಿಲ್ ಜಡ್ಜ್ ಆದ್ಮೇಲೂ ನಿಮ್ಮ ಹಳೇ ಪ್ರಾಕ್ಟೀಸ್ ಸರ್ಟಿಫಿಕೇಟು, ಡೈರಿ, ಸನದಿನ ಕಾಪಿ ಎಸೀಬೇಡಿ, ಕೂಡಿಸೋವಾಗ ಬೇಕಾಗತ್ತೆ.

ಮೇಲೆ ಹೋಗೋದನ್ನ ತಡೆಯೋದು ಸಾಮಾನ್ಯವಾಗಿ ಪರೀಕ್ಷೆ ಅಲ್ಲ, ಸರ್ವಿಸ್ ರೆಕಾರ್ಡು. ಎಷ್ಟು ಕೇಸ್ ವಿಲೇವಾರಿ ಆಯ್ತು, ವಾರ್ಷಿಕ ಗೌಪ್ಯ ವರದೀಲಿ ಏನಿದೆ, ಆಸ್ತಿ ವಿವರ ಪ್ರತಿ ವರ್ಷ ಕೊಟ್ಟಿದೀರಾ. ಅಪ್ಪನಿಂದ ಬಂದ ಎರಡು ಗುಂಟೆ ಸೈಟನ್ನ ತೋರಿಸೋಕೆ ಮರೆತು, ಬಡ್ತಿ ಹೊತ್ತಲ್ಲಿ ವಿವರಣೆ ಬರೀತಾ ಕೂರೋ ಪರಿಸ್ಥಿತಿ ತಂದ್ಕೋಬೇಡಿ.

ಹೈಕೋರ್ಟಿಗೆ ಅರ್ಜಿ ಹಾಕೋ ಹಾಗಿಲ್ಲ, ಕೊಲಿಜಿಯಂ (ಹಿರಿಯ ನ್ಯಾಯಮೂರ್ತಿಗಳ ಆಯ್ಕೆ ಮಂಡಳಿ) ಹೆಸರು ಕಳಿಸ್ಬೇಕು. ಜಿಲ್ಲಾ ನ್ಯಾಯಾಂಗದಲ್ಲಿ ನಿವೃತ್ತಿ 60ಕ್ಕೆ, ಹೈಕೋರ್ಟಲ್ಲಿ 62ಕ್ಕೆ. 34ಕ್ಕೆ ಸೇರಿದೋರಿಗೆ ಕೈಲಿ 26 ವರ್ಷ ಇರತ್ತೆ, 28ಕ್ಕೆ ಸೇರಿದೋರಿಗೆ 32. ಆ ಆರು ವರ್ಷದಲ್ಲಿ ಎಷ್ಟೋ ಜನ ಕಳ್ಕೊಂಡಿರೋದು ಒಂದೇ ಟ್ರಾನ್ಸ್‌ಲೇಶನ್ ಪೇಪರಿಗೆ ಮೂರು ಸಲ ಕೂತು.